ಮುಚ್ಚಿಲ್ಲ ಸ್ವಾಮಿ, ವಿಲೀನವಾಗಿದೆ

ಸರಕಾರ ಯಾವ ಶಾಲೆಯನ್ನೂ ಮುಚ್ಚುವುದಿಲ್ಲ. ಪಕ್ಷ ಬದಲಾದರೂ ಮಂತ್ರಿ ಬದಲಾದರೂ ಈ ಒಂದು ಮಾತು ಮಾತ್ರ ಬದಲಾಗಿಲ್ಲ. ಮುಚ್ಚುವವನು ಅಂಗಡಿಯವನು, ಸಂತೆ ಕರಗಿದ ಮೇಲೆ. ಸರಕಾರ ಮಾಡುವುದು ವಿಲೀನ. ಎಂಥಾ ಪದ ನೋಡಿ! ನದಿ ಸಮುದ್ರದಲ್ಲಿ, ಜೀವಾತ್ಮ ಪರಮಾತ್ಮನಲ್ಲಿ, ಸಕಲೇಶಪುರದಾಚೆ ನಾನು ಅ ಆ ತಿದ್ದಿದ ಶಾಲೆ ಗುಡ್ಡದಾಚೆಯ ದೊಡ್ಡ ಶಾಲೆಯಲ್ಲಿ.

ವಿಲೀನ ಅಂದರೆ ನಮ್ಮ ಹಾಸನ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಶೆಟ್ಟಿಹಳ್ಳಿ ಚರ್ಚು. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಹೇಮಾವತಿ ಹಿನ್ನೀರಿನ ಪಾಲಾದದ್ದು. ಮಳೆಗಾಲದಲ್ಲಿ ಕುತ್ತಿಗೆಮಟ್ಟ ಮುಳುಗುತ್ತದೆ, ಬೇಸಿಗೆಯಲ್ಲಿ ಮೈ ಒಣಗಿಸಿಕೊಂಡು ಎದ್ದು ನಿಲ್ಲುತ್ತದೆ. ಜನ ಕಾರು ಮಾಡಿಕೊಂಡು ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ವಿಲೀನವಾದ ಶಾಲೆಯೂ ಹೀಗೆ ಆಗಾಗ ಎದ್ದು ಬರುತ್ತದೆ, ಚುನಾವಣೆಗೆ! ಆಗ ಕರೆಂಟು ಬರುತ್ತದೆ, ಕುಡಿಯುವ ನೀರು ಬರುತ್ತದೆ, ಚಿಲಕವಿಲ್ಲದ ಶೌಚಾಲಯಕ್ಕೆ ಚಿಲಕ ಬರುತ್ತದೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎಂದು ಆಯೋಗಕ್ಕೆ ಕಾಳಜಿ. ಗುಜರಾತಿನ ಗಿರ್ ಕಾಡಿನಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಮತಗಟ್ಟೆ ಹಾಕುತ್ತಾರೆ, ಸಿಬ್ಬಂದಿ ಸಮೇತ. ನಮ್ಮೂರ ಶಾಲೆಯಲ್ಲಿ ಕೊನೆಗೆ ಉಳಿದಿದ್ದವರು ನಾಲ್ವರು. ಗಿರ್ ಕಾಡಿನ ಲೆಕ್ಕದಲ್ಲಿ ಅದು ಜನಜಂಗುಳಿ.

ಈಗ ಹೊಸದಾಗಿ ಬಂದಿರುವುದು ಮ್ಯಾಗ್ನೆಟ್ ಶಾಲೆ. ಕರ್ನಾಟಕ ಪಬ್ಲಿಕ್ ಶಾಲೆಯೆಂಬ ದೊಡ್ಡ ಅಯಸ್ಕಾಂತವನ್ನು ಪಂಚಾಯಿತಿಗೊಂದು ನಿಲ್ಲಿಸಿದರೆ ಸುತ್ತಲಿನ ಊರುಗಳ ಮಕ್ಕಳೆಲ್ಲ ತಾವಾಗೇ ಹೋಗಿ ಅಂಟಿಕೊಳ್ಳುತ್ತವಂತೆ. ಮೊದಲು ನಾನು ನಕ್ಕೆ. ಆಮೇಲೆ ಹೊಳೆಯಿತು, ಶಾಲೆಯಲ್ಲಿ ವಾರವಾರ ಕಬ್ಬಿಣಾಂಶದ ಮಾತ್ರೆ ನುಂಗಿಸುವುದು ಸುಮ್ಮನೆ ಅಲ್ಲ. ಇಲಾಖೆಗಳ ನಡುವೆ ಹೊಂದಾಣಿಕೆಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಕಾನೂನಿನಲ್ಲಿ ಏನೂ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಮಾಡಿದ ನಿಯಮಗಳನ್ನು ನಂಬಿದರೆ, ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು, ಆರರಿಂದ ಎಂಟರವರಿಗೆ ಮೂರು. ಆದರೆ ಮಲೆನಾಡಿನ ಒಂದು ಕಿಲೋಮೀಟರು ಅಂದರೆ ಏನು ಎಂದು ನಕ್ಷೆಯ ಮೇಲೆ ಸ್ಕೇಲು ಇಡುವವರಿಗೆ ಯಾರು ಹೇಳಬೇಕು? ಒಂದು ಹಳ್ಳ, ಅದರ ಮೇಲೊಂದು ಅಡಿಕೆ ಮರದ ಸಂಕ, ಎರಡು ತೋಟ, ತೋಟದ ಎರಡು ನಾಯಿ, ಲೆಕ್ಕವಿಲ್ಲದಷ್ಟು ಜಿಗಣೆ. ಜೊತೆಗೆ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹಾಜರಾತಿ ತಪ್ಪದೆ ಬರುತ್ತಿರುವುದು ಈಗ ಆನೆಗಳು ಮಾತ್ರ. ಅವು ಎಲ್ಲಿವೆ ಎಂದು ನಮಗೆ ಮೊಬೈಲಿಗೆ ಸಂದೇಶವಾದರೂ ಬರುತ್ತದೆ. ಮಗು ಎಲ್ಲಿದೆ ಎಂದು ಬರುವುದಿಲ್ಲ.

ಮಕ್ಕಳು ಯಾಕೆ ಕಡಿಮೆಯಾದವು? ಹುಟ್ಟುವುದೇ ಕಡಿಮೆ, ಅದು ನಿಜ. ಉಳಿದದ್ದನ್ನು ಹಳದಿ ವ್ಯಾನು ನೋಡಿಕೊಳ್ಳುತ್ತದೆ. ಮಗುವಿಗೆ ನಾಲ್ಕು ತುಂಬಿದ ಕೂಡಲೇ ಖಾಸಗಿಯವನು ಎಲ್‌ಕೆಜಿಗೆ ಬಾ ಅನ್ನುತ್ತಾನೆ. ನಮ್ಮೂರಿನಂಥ ಸರಕಾರಿ ಶಾಲೆ ಆರು ತುಂಬಿಸಿಕೊಂಡು ಬಾ ಅನ್ನುತ್ತದೆ. ಅಷ್ಟರಲ್ಲಿ ಮಗು ಟೈ ಕಟ್ಟಿಕೊಂಡು 'ಜಾನಿ ಜಾನಿ' ಹೇಳುತ್ತಿರುತ್ತದೆ. ಮೇಷ್ಟ್ರು ಮೇ ತಿಂಗಳ ಬಿಸಿಲಲ್ಲಿ ಕರಪತ್ರ ಹಿಡಿದು ಮನೆಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸುತ್ತೇವೆ, ಮಗುವನ್ನು ಮಾತ್ರ ಕಳಿಸುವುದಿಲ್ಲ.

ನಾವು ಅಂದೆ. ನನ್ನ ಮಗಳು ಹತ್ತಿದ್ದೂ ಆ ವ್ಯಾನನ್ನೇ. ಆದರೂ 'ನಮ್ಮೂರ ಶಾಲೆ ಉಳಿಸಿ' ಎಂಬ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ಅಳುವ ಮುಖ, ಕೈ ಮುಗಿದ ಮುದ್ರೆ, ನವೆಂಬರ್ ಒಂದರಂದು ಕೆಂಪು ಹಳದಿ ಹೃದಯ. ಒಮ್ಮೆ ಎಲ್ಲರೂ ಸೇರಿ ನಲವತ್ತು ಸ್ಟೀಲ್ ತಟ್ಟೆ ಕೊಟ್ಟೆವು, ಪ್ರತಿ ತಟ್ಟೆಯ ಮೇಲೂ ದಾನಿಗಳ ಹೆಸರು ಕೊರೆಸಿ. ಆಗ ಶಾಲೆಯಲ್ಲಿದ್ದದ್ದು ಹನ್ನೊಂದು ಮಕ್ಕಳು.

ತಮಾಷೆ ಸಾಕು. ಅರವತ್ತರವರೆಗೆ ಎಷ್ಟೇ ಮಕ್ಕಳಿದ್ದರೂ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ ಅದೇ ಶಿಕ್ಷಣ ಹಕ್ಕು ಕಾಯ್ದೆ. ನಮ್ಮೂರ ಶಾಲೆಯಲ್ಲಿ ಇದ್ದದ್ದು ಒಬ್ಬರು. ಐದು ತರಗತಿ, ಬಿಸಿಯೂಟದ ಲೆಕ್ಕ, ಜನಗಣತಿ, ಮತದಾರರ ಪಟ್ಟಿ, ತಾಲ್ಲೂಕಿನಲ್ಲಿ ಮೀಟಿಂಗು. ಮೀಟಿಂಗಿನ ದಿನ ಶಾಲೆಗೆ ಬೀಗ. ವರ್ಷಗಟ್ಟಲೆ ಹೀಗೆ ನಡೆಸಿ, ಕೊನೆಗೆ ಮಕ್ಕಳೇ ಬರುತ್ತಿಲ್ಲ ಎಂದು ಷರಾ ಬರೆಯುತ್ತಾರೆ. ಬೋರರ್ ಹುಳ ಹತ್ತಿದ ಕಾಫಿ ಗಿಡವನ್ನು ಕಿತ್ತವನು ಕೂಡ ಅದೇ ಗುಂಡಿಗೆ ಇನ್ನೊಂದು ಗಿಡ ಇಡುತ್ತಾನೆ. ನನ್ನ ಮಗಳಿಗೆ ವ್ಯಾನಿತ್ತು. ಶಾಲೆಯಲ್ಲಿ ಕೊನೆಗೆ ಉಳಿದಿದ್ದ ಆ ನಾಲ್ವರಲ್ಲಿ ಮೂವರು ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳು, ಅಪ್ಪ ಅಮ್ಮ ಅಸ್ಸಾಮಿನಿಂದ ಕೂಲಿಗೆ ಬಂದವರು. ಆರೇ ತಿಂಗಳಲ್ಲಿ ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದವು. ಅವು ಎಲ್ಲಿ ವಿಲೀನವಾದವು? ದೊಡ್ಡ ಶಾಲೆಯಲ್ಲಂತೂ ಅಲ್ಲ, ಕೇಳಿಕೊಂಡು ಬಂದಿದ್ದೇನೆ.

ಹೋದ ವಾರ ಊರಿಗೆ ಹೋದಾಗ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಸಿಕ್ಕರು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೋರಿಸಿದರು.

"ಇದ್ನ ಯಾರ್ಗೆ ಕೊಡದಪ್ಪಾ? ಮೇಷ್ಟ್ರು ವರ್ಗ ಆಗವ್ರೆ. ಪಂಚಾಯ್ತಿಯೋರು ನಮ್ದಲ್ಲ ಅಂತಾರೆ. ಒಳ್ಗೆ ಅರ್ಧ ಮೂಟೆ ಅಕ್ಕಿ ಐತೆ, ಹುಳ ಬೀಳ್ತೈತೆ."

"ಇನ್ನೇನಿದೆ ಅಕ್ಕಾ ಒಳಗೆ?"

"ನೀವು ಕೊಟ್ಟ ತಟ್ಟೆ."