ಕೊನೆಯಲ್ಲಿ ಓಡುವವರಿಗೂ ನೀರು ಉಳಿದಿರಬೇಕು

ನನಗೀಗ 62. ಓಡಲು ಶುರು ಮಾಡಿದ್ದು 54ಕ್ಕೆ. ಹನ್ನೊಂದು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಹನ್ನೆರಡನೆಯದು ಕಳೆದ ತಿಂಗಳು, ನಡುಬೇಸಿಗೆಯಲ್ಲಿ. ಅದು ಮುಗಿಯಲಿಲ್ಲ. 16ನೇ ಕಿಲೋಮೀಟರಿನಲ್ಲಿ ನಿಂತೆ. ಯಾಕೆ ಅಂತ ಕೇಳಿದವರಿಗೆಲ್ಲ "ಬಿಸಿಲು ಜಾಸ್ತಿ ಇತ್ತು" ಅಂದು ಸುಮ್ಮನಾದೆ. ಅದು ಪೂರ್ತಿ ಉತ್ತರ ಅಲ್ಲ. ಇವತ್ತು ಪೂರ್ತಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಒಂದು ಲೆಕ್ಕ ನೋಡಿ. ಓಟ 6 ಗಂಟೆಗೆ ಶುರುವಾಗಬೇಕಿತ್ತು. ಭಾಷಣ, ಫೋಟೋ, ಮತ್ತೆ ಭಾಷಣ ಎಲ್ಲ ಮುಗಿದು ಬಾವುಟ ಬೀಸಿದ್ದು 6:35ಕ್ಕೆ. ಎಲ್ಲರಿಗಿಂತ ಮುಂದೆ ಓಡಿದ ಹುಡುಗ ಒಂದು ಗಂಟೆ ಹದಿನೈದು ನಿಮಿಷದಲ್ಲಿ ಮುಗಿಸಿದ. ಅಂದರೆ 7:50ಕ್ಕೆ ಅವನು ನೆರಳಿನಲ್ಲಿ ಕೂತಿದ್ದ. ಆ ಹೊತ್ತಿಗೆ ನಾನು 9ನೇ ಕಿಲೋಮೀಟರಿನ ಬೋರ್ಡ್ ದಾಟಿ ಸ್ವಲ್ಪ ದೂರ ಬಂದಿದ್ದೆ ಅಷ್ಟೇ. ನನ್ನ ಪೇಸ್ ಕಿಲೋಮೀಟರಿಗೆ ಎಂಟು ನಿಮಿಷ. 21.1 ಕಿಲೋಮೀಟರ್ ಮುಗಿಯುವಾಗ 9:25 ಆಗಬೇಕು. ಆ ಹುಡುಗನಿಗಿಂತ ಒಂದೂವರೆ ಗಂಟೆ ಜಾಸ್ತಿ. ಅದೂ ಎಂಥ ಒಂದೂವರೆ ಗಂಟೆ! ಎಳೆ ಬಿಸಿಲು ಹೋಗಿ ಡಾಂಬರು ಕಾಯುವ ಹೊತ್ತು. ವೇದಿಕೆಯ ಮೇಲೆ ಕಳೆದ 35 ನಿಮಿಷ ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ನಮ್ಮ ಪಾಲಿಗೆ ಅದು ಕೊನೆಯ ನಾಲ್ಕೈದು ಕಿಲೋಮೀಟರಿನ ಉರಿಯಾಗಿ ಬಂತು.

ಹಿಂದೆ ಓಡುವವರು ಯಾರು? ಹೆಚ್ಚಿನವರು ನನ್ನ ವಯಸ್ಸಿನವರು, ಹೊಸಬರು, ಕಾಯಿಲೆಯಿಂದ ಎದ್ದು ಬಂದವರು. ಬಿಸಿಲು ತಡೆಯುವ ಶಕ್ತಿ ಕಡಿಮೆ ಇರುವವರೇ ಬಿಸಿಲಿನಲ್ಲಿ ಜಾಸ್ತಿ ಹೊತ್ತು ಇರುತ್ತಾರೆ. ಬೇಸಿಗೆಯ ಓಟ ಏರ್ಪಡಿಸುವವರು ಮೊದಲು ಯೋಚಿಸಬೇಕಾದ್ದು ಇದನ್ನೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆದರೆ ಎಲ್ಲ ತಯಾರಿಯೂ ಮುಂದೆ ಓಡುವವರನ್ನು ನೋಡಿಕೊಂಡೇ ಆಗುತ್ತದೆ.

ಓಡುವಾಗ ದೇಹ ಉರಿಸುವ ಶಕ್ತಿಯಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಮಾತ್ರ ಓಟಕ್ಕೆ ಸಿಗುತ್ತದೆ. ಉಳಿದದ್ದು ಶಾಖ. ಅದನ್ನು ಹೊರಹಾಕಲು ಇರುವ ದೊಡ್ಡ ದಾರಿ ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಬೆವರು ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಮೈಯಲ್ಲಿದ್ದ ನೀರೂ ಹೋಯಿತು, ತಂಪೂ ಆಗಲಿಲ್ಲ. ವಯಸ್ಸಾದ ಮೇಲೆ ಬೆವರುವುದೇ ಕಡಿಮೆ. ಚರ್ಮದ ಕಡೆಗೆ ಹರಿಯುವ ರಕ್ತವೂ ಕಡಿಮೆ. ಎಲ್ಲಕ್ಕಿಂತ ಮೋಸ ಮಾಡುವುದು ಬಾಯಾರಿಕೆ. ಮೈಗೆ ನೀರು ಬೇಕಾಗಿರುತ್ತದೆ, ಬಾಯಿಗೆ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಓಡುತ್ತಾ ಬಂದವರಲ್ಲಿ ಈ ಕೊರತೆ ಸ್ವಲ್ಪ ಕಡಿಮೆ ಇರುತ್ತದೆ, ಆದರೆ ಇಲ್ಲದೆ ಹೋಗುವುದಿಲ್ಲ.

ಅದಕ್ಕೇ "ವಯಸ್ಸು ಬರೀ ಒಂದು ಸಂಖ್ಯೆ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಗೆಳೆಯರು ಅದನ್ನು ಪ್ರೀತಿಯಿಂದಲೇ ಫೋನಿಗೆ ಕಳಿಸುತ್ತಾರೆ, ಜೊತೆಗೆ ಫೌಜಾ ಸಿಂಗ್ ಅವರ ಫೋಟೋ ಇರುತ್ತದೆ. ಅವರ ಮೇಲೆ ನನಗೂ ಅಪಾರ ಗೌರವ. 2011ರಲ್ಲಿ, ನೂರು ವರ್ಷದ ಅಜ್ಜ, ಟೊರೊಂಟೊದಲ್ಲಿ ಪೂರ್ತಿ ಮ್ಯಾರಥಾನ್ ಎಂಟು ಗಂಟೆಗೂ ಹೆಚ್ಚು ಹೊತ್ತು ಓಡಿ ಮುಗಿಸಿದರು. ಆದರೆ ಅವರದೇ ಇನ್ನೊಂದು ಸಂಗತಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2013ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನಲ್ಲಿ 10 ಕಿಲೋಮೀಟರ್ ಓಡಿ, ಇನ್ನು ಸ್ಪರ್ಧೆ ಸಾಕು ಅಂತ ನಿಲ್ಲಿಸಿದರು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರುವುದೂ ಓಟಗಾರನ ಕಸುಬೇ ಅಲ್ವಾ?

ನನ್ನ ತಯಾರಿ ಕಡಿಮೆ ಇರಲಿಲ್ಲ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಆ ಹೊತ್ತಿಗೆ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ನಾನು ಮೂರು ವಾರ ಮೊದಲೇ ಶುರು ಮಾಡಿದ್ದೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಹೋಗಿ, ಮೊದಲು ಇಪ್ಪತ್ತು ನಿಮಿಷ, ಆಮೇಲೆ ನಿಧಾನಕ್ಕೆ ಒಂದು ಗಂಟೆ. ಓಡುವ ಮೊದಲು, ಓಡಿ ಬಂದ ಮೇಲೆ ತೂಕ ನೋಡುತ್ತಿದ್ದೆ. ಒಂದು ಗಂಟೆಗೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತಿತ್ತು. ಎಷ್ಟು ಕುಡಿಯಬೇಕು ಅಂತ ಅದರಿಂದಲೇ ಅಂದಾಜು ಮಾಡಿಕೊಂಡೆ.

ಸಿಕ್ಕಲ್ಲೆಲ್ಲ ನೀರು ಕುಡಿಯುತ್ತಾ ಹೋಗುವುದೂ ಅಪಾಯವೇ. ನೀರು ಅತಿಯಾದರೆ ರಕ್ತದಲ್ಲಿರುವ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ್ದರು. ಶೇ. 13 ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ನಾಲ್ಕು ಗಂಟೆ ಮೀರಿ ಓಡಿದವರಲ್ಲಿ, ಓಡಿದ ಮೇಲೆ ತೂಕ ಹೆಚ್ಚಾಗಿದ್ದವರಲ್ಲಿ ಅದು ಜಾಸ್ತಿ. ನೀರು ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ನಿಧಾನಕ್ಕೆ ಓಡುವವರಿಗೆ ಎರಡೂ ಕಾದಿರುತ್ತವೆ.

ಬಿಪಿ ಮಾತ್ರೆ ತಗೊಳ್ಳುವ ಗೆಳೆಯರಿಗೆ ಇನ್ನೊಂದು ಮಾತು. ಕೆಲವು ಮಾತ್ರೆ ಮೂತ್ರ ಹೆಚ್ಚಿಸುತ್ತವೆ. ಕೆಲವು ಎದೆಬಡಿತ ಏರದಂತೆ ಹಿಡಿದಿಡುತ್ತವೆ. ಅಂಥವರು ವಾಚ್ ತೋರಿಸುವ ಹಾರ್ಟ್ ರೇಟ್ ನಂಬಿ ಓಡಬಾರದು. ದಯವಿಟ್ಟು ಡಾಕ್ಟರ ಹತ್ತಿರ ಬೇಸಿಗೆಯ ಓಟದ ವಿಷಯ ಹೇಳಿಯೇ ಕೇಳಿ.

ಈಗ ಆ ದಿನದ ವಿಷಯ.

4ನೇ ಕಿಲೋಮೀಟರಿನಿಂದ ಹಿರಿಯರೊಬ್ಬರು ಜೊತೆಯಾದರು. ಎಪ್ಪತ್ತರ ಆಸುಪಾಸು. ನನ್ನದೇ ಪೇಸ್. ಮಾತು ಚೆನ್ನಾಗಿತ್ತು, ಮೊಣಕಾಲು, ಶೂ, ಮೊಮ್ಮಕ್ಕಳು. 13ರ ಹತ್ತಿರ ಯೂ ಟರ್ನ್ ಆದ ಮೇಲೆ ಬಿಸಿಲು ನೇರ ಮುಖಕ್ಕೆ ಬಂತು. ನನ್ನ ಹಾರ್ಟ್ ರೇಟ್ 5ನೇ ಕಿಲೋಮೀಟರಿನಲ್ಲಿ 138 ಇದ್ದದ್ದು ಈಗ 154. ಪೇಸ್ ಮಾತ್ರ ಅದೇ. ಮೈ ತಣ್ಣಗಾಗಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಉಳಿದ ರಕ್ತವನ್ನೇ ಸುತ್ತಿಸಲು ಹೃದಯ ಜಾಸ್ತಿ ಬಡಿಯುತ್ತದೆ. ಇದು ನನಗೆ ಗೊತ್ತಿತ್ತು. ನಿಧಾನ ಮಾಡಬೇಕಿತ್ತು. ಮಾಡಲಿಲ್ಲ. 2 ಗಂಟೆ 50 ನಿಮಿಷದ ಒಳಗೆ ಮುಗಿಸುವ ಆಸೆ ಇತ್ತು.

14ರ ಹತ್ತಿರದ ನೀರಿನ ಟೇಬಲ್ಲಿನಲ್ಲಿ ಲೋಟ ಇದ್ದವು, ನೀರು ಇರಲಿಲ್ಲ. ಮುಂದೆ ಇದೆ ಅಂದರು. 16ರ ಹತ್ತಿರ ಬಂದಾಗ ರಸ್ತೆ ತುಂಬ ತುಳಿದು ಚಪ್ಪಟೆಯಾದ ಕಾಗದದ ಲೋಟಗಳು. ಕಾಲೇಜಿನ ಹುಡುಗಿಯೊಬ್ಬಳು ಡ್ರಮ್ಮನ್ನು ಎರಡೂ ಕೈಯಲ್ಲಿ ತಬ್ಬಿ ಓರೆ ಮಾಡಿ ಹಿಡಿದಿದ್ದಳು. ಅರ್ಧ ಲೋಟ ಬಂತು, ತಳದ ಮಣ್ಣಿನ ಜೊತೆ. "ಅಂಕಲ್, ಇಷ್ಟೇ ಉಳಿದಿರೋದು, ಸಾರಿ" ಅಂದಳು. ಅಳು ಬರುವ ಹಾಗಿತ್ತು ಅವಳ ಮುಖ. ಮುಂದೆ ಹೋದವರು ಎರಡೆರಡು ಲೋಟ ತಲೆಗೆ ಸುರಿದುಕೊಂಡು ಹೋಗಿದ್ದರು. ಅವರ ತಪ್ಪೂ ಅಲ್ಲ, ಅವರಿಗೂ ಸೆಖೆ.

ಲೋಟವನ್ನು ಹಿರಿಯರ ಕಡೆ ಚಾಚಿದೆ. ಅವರು ತಗೊಳ್ಳಲಿಲ್ಲ. ಲೋಟವನ್ನೇ ನೋಡುತ್ತಾ ನಿಂತರು. "ಸರ್, ಎಷ್ಟು ಕಿಲೋಮೀಟರ್ ಆಯ್ತು ಗೊತ್ತಾ?" ಅಂತ ಕೇಳಿದೆ.

"ಇನ್ನೂ ಶುರುವೇ ಆಗಿಲ್ವಲ್ಲ" ಅಂದರು.

ಆ ಮಾತು ಕೇಳಿದ ತಕ್ಷಣ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಬಿಸಿಲಿನಲ್ಲಿ ಓಡುವವರು ತಬ್ಬಿಬ್ಬಾಗಿ ಮಾತಾಡಿದರೆ ಅದು ಬರೀ ಸುಸ್ತಲ್ಲ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರಬಹುದು, ಮೆದುಳಿಗೆ ತಟ್ಟಿರಬಹುದು. ಹೀಟ್ ಸ್ಟ್ರೋಕ್ ಆದರೆ ಮೈ ಒಣಗಿರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಓಡುವವರಲ್ಲಿ ಹಾಗೇ ಆಗಬೇಕೆಂದಿಲ್ಲ. ಅವರ ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ ಇತ್ತು.

ಮರದ ನೆರಳಿಗೆ ಕರೆದುಕೊಂಡು ಹೋಗಿ ಮಲಗಿಸಿದೆವು. ಶೂ, ಅಂಗಿ ಬಿಚ್ಚಿದೆವು. ಆ ಹುಡುಗಿ ತನ್ನ ಬ್ಯಾಗಿನಿಂದ ಸ್ವಂತ ಬಾಟಲಿ ತೆಗೆದು ಕುತ್ತಿಗೆಗೆ, ಕಂಕುಳಿಗೆ ಸುರಿದಳು. ಲೋಟ ತಂದ ರಟ್ಟಿನ ಡಬ್ಬ ಹರಿದು ಗಾಳಿ ಹಾಕಿದಳು. ನಾನು ಫೋನ್ ಮಾಡುತ್ತಿದ್ದೆ. ಆಂಬುಲೆನ್ಸ್ ಇದ್ದದ್ದು ಫಿನಿಶ್ ಹತ್ತಿರ. ಬರಲು 22 ನಿಮಿಷ ಹಿಡಿಯಿತು. ಇಂಥ ಹೊತ್ತಿನಲ್ಲಿ ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಐಸ್ ನೀರು ತುಂಬಿದ ಟಬ್ಬಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದರೆ ಬೇಗ ಶಾಖ ಇಳಿಯುತ್ತದೆ. ನಮ್ಮ ಹತ್ತಿರ ಇದ್ದದ್ದು ಒಂದು ಬಾಟಲಿ ನೀರು, ಒಂದು ರಟ್ಟು, ಒಂದು ಮರ.

ಅವರು ಬದುಕಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ದೊಡ್ಡ ದೊಡ್ಡ ಓಟಗಳಿಗೂ ಬಿಸಿಲು ಪಾಠ ಕಲಿಸಿದೆ. 2007ರಲ್ಲಿ ಶಿಕಾಗೊ ಮ್ಯಾರಥಾನನ್ನು ಸೆಖೆಯಿಂದಾಗಿ ನಡುವೆಯೇ ನಿಲ್ಲಿಸಬೇಕಾಯಿತು. ನೀರು ಸಿಗಲಿಲ್ಲ ಅಂತ ದೂರಿದವರಲ್ಲಿ ಹಿಂದೆ ಇದ್ದವರೇ ಜಾಸ್ತಿ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ನಡುರಾತ್ರಿ ಇಟ್ಟರು. ಆದರೂ 68 ಜನರಲ್ಲಿ 28 ಜನ ಮುಗಿಸಲಿಲ್ಲ. ಅವರು ಜಗತ್ತಿನ ಅತಿ ಗಟ್ಟಿ ಓಟಗಾರ್ತಿಯರು! ಅಂಥವರೇ ನಿಲ್ಲಿಸಿದ್ದಾರೆ ಅಂದಮೇಲೆ ನಮ್ಮಂಥವರು ನಿಲ್ಲಿಸಿದರೆ ಅವಮಾನ ಏನಿದೆ?

ಏರ್ಪಡಿಸಿದವರಿಗೆ ನಾನು ಪತ್ರ ಬರೆದಿದ್ದೇನೆ. ಕೇಳಿದ್ದು ದೊಡ್ಡದೇನಲ್ಲ. ಬೇಸಿಗೆಯ ಓಟವನ್ನು 5 ಗಂಟೆಗೇ ಶುರು ಮಾಡಿ, ಭಾಷಣ ಏನಿದ್ದರೂ ಓಟ ಮುಗಿದ ಮೇಲೆ. ನೀರಿನ ಲೆಕ್ಕವನ್ನು ಕೊನೆಯಿಂದ ಹಾಕಿ. ಕಟ್‌ಆಫ್, ಅಂದರೆ ಓಟ ಮುಗಿಸಲು ಕೊಟ್ಟ ಗಡುವು, ಮೂರು ಗಂಟೆ ಅಂತ ಬರೆದಮೇಲೆ ಮೂರನೇ ಗಂಟೆಯಲ್ಲಿ ಬರುವವನಿಗೂ ಲೋಟ ತುಂಬ ನೀರು ಇರಬೇಕು. ಅವನೂ ಅಷ್ಟೇ ದುಡ್ಡು ಕೊಟ್ಟು ಹೆಸರು ಬರೆಸಿದ್ದಾನೆ. 15ರಿಂದ 18ರ ನಡುವೆ ಐಸ್, ಟಬ್ಬು, ಒಂದು ಆಂಬುಲೆನ್ಸ್ ಇರಲಿ. ಮಕ್ಕಳನ್ನು ವಾಲಂಟಿಯರ್ ಮಾಡಿ ನಿಲ್ಲಿಸುವ ಮೊದಲು ಅರ್ಧ ಗಂಟೆ ಕೂರಿಸಿ ಹೀಟ್ ಸ್ಟ್ರೋಕ್ ಲಕ್ಷಣ ಹೇಳಿಕೊಡಿ. ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಬುದ್ಧಿಯಿಂದ, ಅವಳ ಬಾಟಲಿಯಿಂದ ಒಂದು ಜೀವ ಉಳಿಯಿತು. ಉತ್ತರ ಇನ್ನೂ ಬಂದಿಲ್ಲ. ಮತ್ತೆ ಬರೆಯುತ್ತೇನೆ.

ಮೊನ್ನೆ ಆ ಹಿರಿಯರ ಮನೆಗೆ ಹೋಗಿದ್ದೆ. ಯೂ ಟರ್ನ್ ತನಕ ಎಲ್ಲ ನೆನಪಿದೆಯಂತೆ. ಆಮೇಲೆ ಮರದ ಎಲೆ ನೋಡಿದ್ದಷ್ಟೇ. 13ರಿಂದ 16ರವರೆಗೆ ಓಡಿದ್ದು ಒಂದಿಷ್ಟೂ ನೆನಪಿಲ್ಲ. "ನಾನು ಆವಾಗ ಹೇಗಿದ್ದೆ? ಏನಾದ್ರೂ ಬೇರೆ ಥರ ಕಾಣಿಸ್ತಾ ನಿಮಗೆ?" ಅಂತ ಕೇಳಿದರು. ಮಾತು ಕಡಿಮೆಯಾಗಿತ್ತು ಅಂದೆ. ಉಸಿರು ಉಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಆ ಮೂರು ಕಿಲೋಮೀಟರ್ ನಾನು ಅವರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಇದ್ದೆ, ವಾಚ್ ನೋಡುತ್ತಿದ್ದೆ.

ಓಡಲು ಡಾಕ್ಟರ್ ಇನ್ನೂ ಬಿಟ್ಟಿಲ್ಲ, ನಡೆಯಬಹುದು ಅಂದಿದ್ದಾರೆ. ಭಾನುವಾರ ಐದು ಗಂಟೆಗೆ ಇಬ್ಬರೂ ಹೊರಡುತ್ತೇವೆ. ಒಂದೊಂದು ಕಿಲೋಮೀಟರಿಗೂ ಒಬ್ಬರನ್ನೊಬ್ಬರು ಏನಾದರೂ ಕೇಳಬೇಕು, ಇನ್ನೊಬ್ಬರು ಸರಿಯಾಗಿ ಉತ್ತರ ಹೇಳಬೇಕು ಅಂತ ಮಾತಾಗಿದೆ. ವಾಚ್ ಮನೆಯಲ್ಲೇ ಬಿಡುತ್ತೇನೆ.