ಶಾಲು ಹೊದಿಸಿದ್ದು ಯಾರಿಗೆ?

ರಾಜ್ಯೋತ್ಸವದ ತಿಂಗಳು ಮುಗಿಯುತ್ತ ಬಂದರೂ ನನ್ನ ಸಿಟ್ಟು ಇಳಿದಿಲ್ಲ. ನವೆಂಬರಿನಲ್ಲಿ ಊರೂರಿಗೂ ಒಂದು ಹಾಸ್ಯಸಂಜೆ ನಡೆಯುತ್ತದೆ ಎಂಬುದೂ, ದೀಪ ಬೆಳಗಿ, ನಾಡಗೀತೆ ಹಾಡಿ, ವೇದಿಕೆಯ ಮೇಲಿರುವ ಅಷ್ಟೂ ಮಂದಿಗೆ ಹಾರ ಹಾಕಿ ಮುಗಿಸಿ ನಗಿಸಲು ಬಂದವರ ಸರದಿ ಬರುವ ಹೊತ್ತಿಗೆ ಸಭಿಕರ ಕಣ್ಣು ಊಟದ ಶಾಮಿಯಾನದತ್ತ ಹೊರಳಿರುತ್ತದೆ ಎಂಬುದೂ ನಿಮಗೆ ಗೊತ್ತಿರುವ ಸಂಗತಿಯೇ. ಅದನ್ನೆಲ್ಲ ನಾನು ಸಹಿಸಿಕೊಳ್ಳುತ್ತೇನೆ. ಸಹಿಸಲಾಗದ್ದು ನಿರೂಪಕರನ್ನು.

ಮೊನ್ನೆಯ ನಿರೂಪಕರು ಶ್ರದ್ಧಾವಂತರು. ನನ್ನ ಭಾಷಣದ ತುಣುಕುಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಟಿಪ್ಪಣಿ ಮಾಡಿಕೊಂಡು ಬಂದಿದ್ದರು. ನನ್ನ ಬಳಿ ಇರುವುದೇ ನಾಲ್ಕಾರು ನಂಬಿಗಸ್ತ ಪ್ರಸಂಗಗಳು. ಅವುಗಳಲ್ಲಿ ಒಂದು, ಕಣ್ಣೆದುರಿಗಿರುವ ಸಾಸಿವೆ ಡಬ್ಬಿ ಕಾಣದ ನಮ್ಮ ಯಜಮಾನರಿಗೆ ಅದರ ಹಿಂದೆ ನಾನು ಬಚ್ಚಿಟ್ಟ ದುಡ್ಡು ಮಾತ್ರ ಕರೆಂಟು ಹೋದ ಕತ್ತಲಲ್ಲೂ ಸಿಗುತ್ತದೆ ಎಂಬುದು. ನಿರೂಪಕರು ನನ್ನನ್ನು ಪರಿಚಯಿಸುತ್ತ, “ಸಾಸಿವೆ ಡಬ್ಬಿಯ ಹಿಂದಿನ ದುಡ್ಡನ್ನು ಗಂಡ ಎಗರಿಸುವ ಪ್ರಸಂಗವನ್ನು ಮೇಡಂ ಈಗ ಹೇಳಲಿದ್ದಾರೆ, ಕೇಳಿ ಆನಂದಿಸಿ” ಎಂದರು. ಯಾರೂ ನಗಲಿಲ್ಲ. ಜನರಿಗೆ ಅರ್ಥವಾಗಲಿಲ್ಲವೆಂದು ಭಾವಿಸಿದ ಅವರು, “ಅಂದರೆ ಡಬ್ಬಿ ಕಾಣಲಿಲ್ಲ, ಆದರೆ ದುಡ್ಡು ಕಂಡಿತು, ಅದೇ ಇಲ್ಲಿನ ಹಾಸ್ಯ” ಎಂದು ವಿವರಿಸಿದರು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. “ಆ ಯಜಮಾನರೂ ಇಲ್ಲೇ ಇದ್ದಾರೆ!” ಎಂದು ಅವರು ಘೋಷಿಸಿಯೇಬಿಟ್ಟರು. ನಮ್ಮವರು ಕಾರು ಓಡಿಸಿಕೊಂಡು ಬಂದ ದಣಿವಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕ್ರಿಕೆಟ್ ಸ್ಕೋರು ನೋಡುತ್ತಿದ್ದರು. ಇಬ್ಬರು ಸ್ವಯಂಸೇವಕರು ಅವರನ್ನು ಹಿಡಿದು ವೇದಿಕೆಗೆ ಕರೆತಂದರು. “ಹೆಂಡತಿಗೆ ಇಷ್ಟೊಂದು ಸ್ವಾತಂತ್ರ್ಯ ಕೊಟ್ಟು, ತಮ್ಮನ್ನೇ ಗೇಲಿ ಮಾಡಿದರೂ ತಾಳ್ಮೆಯಿಂದಿರುವ ಸಹೃದಯರು” ಎಂದು ಬಣ್ಣಿಸಿ ಅಧ್ಯಕ್ಷರ ಕೈಯಿಂದ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನೂ ಕೈಗಿತ್ತರು. ಛಾಯಾಗ್ರಾಹಕನಿಗೆ ಅಡ್ಡವಾಗುತ್ತದೆಂದು ನನ್ನನ್ನು ತುಸು ಪಕ್ಕಕ್ಕೆ ಸರಿಯಲು ಹೇಳಿದರು. ನಾನು ಸರಿದೆ. ಆಮೇಲೆ ಎರಡು ಮಾತಾಡಿ ಎಂದು ಅವರ ಕೈಗೇ ಮೈಕನ್ನೂ ಕೊಟ್ಟರು. ಮನೆಗೆ ನೆಂಟರು ಬಂದರೆ “ಬಂದ್ರಾ” ಎಂಬುದಕ್ಕಿಂತ ಹೆಚ್ಚು ಆಡದ ಮನುಷ್ಯ ಮೈಕನ್ನು ಹಿಂದೆ ಮುಂದೆ ನೋಡಿ, “ಸಾಸಿವೆ ಡಬ್ಬಿ ಎಲ್ಲಿದೆ ಅಂತ ನಂಗೆ ಈಗ್ಲೂ ಗೊತ್ತಿಲ್ಲ” ಎಂದು ಹೇಳಿ ಇಳಿದುಹೋದರು. ಶಾಮಿಯಾನದ ಕಂಬ ಅಲುಗುವಷ್ಟು ನಗು. ಆ ಸಂಜೆ ಅಷ್ಟು ನಗು ಮತ್ತೆ ಯಾರಿಗೂ ಸಿಗಲಿಲ್ಲ, ನನಗಂತೂ ಸಿಗಲೇ ಇಲ್ಲ.

ಕೊನೆಯಲ್ಲಿ ಸಂವಾದವಿತ್ತು. “ನಿಮ್ಮ ಸ್ಫೂರ್ತಿ ಯಾರು ಮೇಡಂ? ಕೈಲಾಸಂ, ಬೀಚಿ, ನರಸಿಂಹರಾಜು?” ಎಂದು ಪ್ರಶ್ನೆಯನ್ನೂ ಉತ್ತರವನ್ನೂ ನಿರೂಪಕರೇ ಒದಗಿಸಿದರು. ಈ ಮಹನೀಯರ ಬಗ್ಗೆ ನನಗೆ ಭಕ್ತಿಯಿದೆ. ಆದರೆ ನಾನು ಹೇಳಬೇಕೆಂದಿದ್ದ ಹೆಸರು ಟಿ. ಸುನಂದಮ್ಮನವರದು. 1917ರಲ್ಲಿ ಹುಟ್ಟಿದ ಈ ಹೆಣ್ಣುಮಗಳು, ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ನಗೆಬರಹ ಬರೆದರು. ಹೆಂಡತಿಯನ್ನು ಕಾಡಿಸಿ ನಗಿಸುವುದು ಗಂಡಸರ ಹಳೆಯ ಪಾಠ; ಸುನಂದಮ್ಮನವರು ಅದೇ ಸಂಸಾರವನ್ನು ಒಲೆಯ ಪಕ್ಕದಿಂದ ನೋಡಿ ಬರೆದಾಗ ನಗೆಪಾಟಲಿಗೆ ಈಡಾಗುವವರು ಬದಲಾದರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆ ಯಾವ ಗಂಭೀರ ಕಾದಂಬರಿಕಾರ್ತಿಯೂ ಅಲ್ಲ, ಇವರೇ ಎಂಬುದನ್ನು ಹೇಳುವುದೆಂದರೆ ನನಗೆ ವಿಶೇಷ ಖುಷಿ. ಹೇಳಲೆಂದು ಬಾಯಿ ತೆರೆದೆ. “ಸುಧಾಮೂರ್ತಿಯವರಾ?” ಎಂದರು ನಿರೂಪಕರು.

ಸಿನಿಮಾದವರ ಹೆಸರು ಹೇಳಿದರಾದರೂ ಗೊತ್ತಾದೀತೆಂದು ಬಿ. ಜಯಾ ಎಂದೆ. ದ್ವಾರಕೀಶ್ ಎದುರು ನಿಂತು ನಗಿಸಿದ ಆಕೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ 2021ರಲ್ಲಿ ತೀರಿಕೊಂಡರು. ಅವರ ಮುಖ ಎಲ್ಲರಿಗೂ ಗೊತ್ತು, ಹೆಸರು ಕೇಳಿದರೆ ಮಾತ್ರ “ಅದೇ, ದ್ವಾರಕೀಶ್ ಜೋಡಿ” ಎನ್ನುತ್ತಾರೆ. ಘಟವಾಣಿ ಪಾತ್ರಗಳ ರಮಾದೇವಿಯವರನ್ನೂ, ಮಂಗಳೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಲೇ ನಗೆಬರಹ ಬರೆದ ಭುವನೇಶ್ವರಿ ಹೆಗಡೆಯವರನ್ನೂ ನೆನೆದೆ. ಉಮಾಶ್ರೀಯವರ ಹೆಸರಿಗೆ ಕೊನೆಗೂ ಚಪ್ಪಾಳೆ ಬಿತ್ತು. ದ್ವಂದ್ವಾರ್ಥದ ಮಾತುಗಳ ಪಾತ್ರಗಳಿಗೇ ವರ್ಷಗಟ್ಟಲೆ ಅವರನ್ನು ಕರೆದ ಚಿತ್ರರಂಗದಲ್ಲಿಯೇ ಇದ್ದುಕೊಂಡು, ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವನಾಗಿ ನಿಂತವರು ಅವರು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂತು, 2013ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯೂ ಆದರು. ಅಷ್ಟು ವರ್ಷ ನಗಿಸಿದ್ದಕ್ಕೆ ಸಿಗದ ಪ್ರಶಸ್ತಿ ಗಂಭೀರ ಪಾತ್ರಕ್ಕೆ ಸಿಕ್ಕಿತಲ್ಲ ಎಂಬುದು ನನ್ನ ಹಳೆಯ ತಕರಾರು.

ಇವರೆಲ್ಲರಿಗಿಂತ ಮೊದಲಿನವಳೊಬ್ಬಳಿದ್ದಾಳೆ, ಅವಳನ್ನು ವೇದಿಕೆಯಲ್ಲಿ ಹೇಳಲಾಗಲಿಲ್ಲ. ನನ್ನ ಸೋದರತ್ತೆ. ಹಪ್ಪಳ ಒತ್ತುವ ಮಧ್ಯಾಹ್ನಗಳಲ್ಲಿ ಅವಳು ಇಡೀ ಬೀದಿಯನ್ನು ನಡುಮನೆಗೆ ಕರೆತರುತ್ತಿದ್ದಳು: ಪುರೋಹಿತರ ಕೆಮ್ಮು, ಶ್ಯಾನುಭೋಗರ ನಡಿಗೆ, ಸಾಲ ಕೇಳಲು ಬಂದು ಹವಾಮಾನದ ಮಾತಾಡುವ ಪಕ್ಕದ ಮನೆಯಾಕೆ. ಲಟ್ಟಣಿಗೆ ಕೈಜಾರುವಷ್ಟು ನಗುತ್ತಿದ್ದೆವು. ಮಾವ ಜಗುಲಿಯಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಸೆರಗು ಹೊದ್ದು ಸುಮ್ಮನಾಗುತ್ತಿದ್ದಳು. ಇಷ್ಟು ವರ್ಷ ಒಟ್ಟಿಗಿದ್ದ ಮಾವನಿಗೆ ತನ್ನ ಹೆಂಡತಿ ಊರಿನ ಅತಿದೊಡ್ಡ ಹಾಸ್ಯಗಾರ್ತಿ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಅವಳ ಕೆಮ್ಮಿನ ಅನುಕರಣೆಯನ್ನು ನಾನು ಇಂದಿಗೂ ಬಳಸುತ್ತೇನೆ. ಅವಳಷ್ಟು ಚೆನ್ನಾಗಿ ಬರುವುದಿಲ್ಲ.

ಅಂದು ನನ್ನ ಜೊತೆಗಿದ್ದ ಗಂಡು ಭಾಷಣಕಾರರು ಹೆಂಡತಿ ತವರಿಗೆ ಹೋದ ಸಂತೋಷವನ್ನೇ ಮುಕ್ಕಾಲು ಗಂಟೆ ಎಳೆದರು. ಅವರ ಹೆಂಡತಿಯರನ್ನು ವೇದಿಕೆಗೆ ಕರೆದು, ಇದನ್ನೆಲ್ಲ ಸಹಿಸಿದ್ದಕ್ಕೆ ಶಾಲು ಹೊದಿಸುವುದು ಯಾರಿಗೂ ಹೊಳೆಯಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವರಿಗೆಲ್ಲ ಒಂದೊಂದು ಕವರು ಕೊಟ್ಟರು. ನನಗೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ, ಒಂದು ರವಿಕೆ ಕಣ. ಕಣ ಎತ್ತಿ ನೋಡಿದೆ, ಕಾಯಿ ಎತ್ತಿ ನೋಡಿದೆ, ಅಡಿಯಲ್ಲಿ ಏನೂ ಇರಲಿಲ್ಲ. ನಾಚಿಕೆ ಬಿಟ್ಟು ಖಜಾಂಚಿಯವರನ್ನು ಕೇಳಿದೆ.

“ಸರ್ ಕೈಗೆ ಆಗ್ಲೇ ಕೊಟ್ವಲ್ಲ ಮೇಡಂ” ಎಂದು ಅವರು ವೋಚರ್ ತೋರಿಸಿದರು. ‘ಹಾಸ್ಯ ಭಾಷಣದ ಬಾಬ್ತು’ ಎಂದು ಬರೆದ ಸಾಲಿನ ಎದುರು ನಮ್ಮವರ ಸಹಿ ಮುದ್ದಾಗಿ ಬಿದ್ದಿತ್ತು.