ಮೀನು ಒಂದು, ತವರು ಐದು

ಅಟ್ಲಾಂಟಿಕ್ ಸಾಗರದ ಮ್ಯಾಕರೆಲ್, ಅಂದರೆ ಬಂಗುಡೆಯ ದಾಯಾದಿಗೆ, ಹೊಟ್ಟೆಯೊಳಗೆ ಗಾಳಿಚೀಲ ಇಲ್ಲ. ನೀರಲ್ಲಿ ಸುಮ್ನೆ ತೇಲಿಕೊಂಡಿರಲು ಆಗದು, ನಿಂತರೆ ಮುಳುಗುತ್ತದೆ. ಇಂಥ ಮೀನಿನ ಖಾಯಂ ವಿಳಾಸ ಯಾವುದು ಅಂತ ಸರ್ಕಾರಗಳು ಹದಿನೈದು ವರ್ಷಕ್ಕೂ ಮೇಲೆ ಕಚ್ಚಾಡುತ್ತಿವೆ.

ಐರ್ಲೆಂಡಿನ ಪಶ್ಚಿಮಕ್ಕೆ ಮೊಟ್ಟೆ ಇಟ್ಟು, ಬೇಸಿಗೆಯಲ್ಲಿ ಮೇಯಲು ಉತ್ತರಕ್ಕೆ ಹೋಗುವ ಮೀನು ಇದು. 2007ರ ಹೊತ್ತಿಗೆ ಹಿಂಡು ಹಿಂಡಾಗಿ ಐಸ್‌ಲ್ಯಾಂಡ್ ಕಡೆ ತಿರುಗಿತು. 2006ರಲ್ಲಿ ಕೆಲವೇ ಸಾವಿರ ಟನ್ ಹಿಡಿದಿದ್ದ ಐಸ್‌ಲ್ಯಾಂಡ್ 2008ರಲ್ಲಿ ಒಂದು ಲಕ್ಷ ಟನ್ ದಾಟಿಸಿತು. ಹುಟ್ಟಿದ್ದು ನಮ್ಮಲ್ಲಿ, ಮೀನು ನಮ್ಮದು ಅಂತ ಯುರೋಪಿಯನ್ ಒಕ್ಕೂಟ. ಮೇಯ್ದು ಕೊಬ್ಬಿದ್ದು ನಮ್ಮ ನೀರಲ್ಲಿ, ಮೇವಿನ ಲೆಕ್ಕ ಕೊಡೋರು ಯಾರು ಅಂತ ಐಸ್‌ಲ್ಯಾಂಡ್. ನಾರ್ವೆ, ಫೆರೋ ದ್ವೀಪಗಳೂ ಹಕ್ಕುಪತ್ರ ಹಿಡಿದು ನಿಂತವು. ಬ್ರೆಕ್ಸಿಟ್ ಆದಮೇಲೆ ಬ್ರಿಟನ್ ಬೇರೆ ಮನೆ ಮಾಡಿ ಪಾಲು ಕೇಳಿತು.

ನಿಜವಾದ ತಮಾಷೆ ಇರುವುದು ಸಭೆಯಲ್ಲಿ. ವಿಜ್ಞಾನಿಗಳು, ಈ ವರ್ಷ ಒಟ್ಟು ಇಷ್ಟೇ ಹಿಡಿಯಿರಿ ಅನ್ನುತ್ತಾರೆ. ಎಲ್ಲರೂ ತಲೆ ಆಡಿಸಿ ಒಟ್ಟು ಲೆಕ್ಕಕ್ಕೆ ಸಹಿ ಹಾಕುತ್ತಾರೆ. ಆಮೇಲೆ ತಂತಮ್ಮ ಊರಿಗೆ ಹೋಗಿ, ಯಾರನ್ನೂ ಕೇಳದೆ ತಮ್ಮ ಪಾಲು ತಾವೇ ಬರೆದುಕೊಳ್ಳುತ್ತಾರೆ, ಎಲ್ಲಾ ಕೂಡಿಸಿದರೆ ರೂಪಾಯಿಗೆ ಇಪ್ಪತ್ತಾಣೆ! ಲೆಕ್ಕ ತಪ್ಪಿದ್ದು ಯಾರದ್ದು ಅಂತ ಕೇಳಿ ನೋಡಿ, ಎಲ್ಲರೂ ಪಕ್ಕದವನನ್ನು ತೋರಿಸುತ್ತಾರೆ. 2019ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ (ಎಂಎಸ್‌ಸಿ) ಅನ್ನುವ ಸಂಸ್ಥೆ, ಜವಾಬ್ದಾರಿಯಿಂದ ಹಿಡಿದ ಮೀನು ಅನ್ನುವ ತನ್ನ ನೀಲಿ ಮುದ್ರೆಯನ್ನು ವಾಪಸ್ ತೆಗೆದುಕೊಂಡಿತು. ಹಿಡಿಯುವವರು ಹಿಡಿಯುತ್ತಲೇ ಇದ್ದರು. ಕೊನೆಗೆ ವಿಜ್ಞಾನಿಗಳು 2026ಕ್ಕೆ ಶೇ 70ರಷ್ಟು ಕಡಿಮೆ ಮಾಡಿ ಅಂದಾಗ ಎಲ್ಲರಿಗೂ ಆಶ್ಚರ್ಯವಂತೆ. ಪಾಪ, ಮೊದಲೇ ಹೇಳಿದ್ದರೆ ಗೊತ್ತಾಗುತ್ತಿತ್ತು ಅಲ್ವಾ?

ಹಿಂದಿನವರಿಗೆ ಈ ಮೀನಿನ ಅವಸರ ಅರ್ಥವಾಗಿತ್ತು. ಎಣ್ಣೆ ಜಾಸ್ತಿ ಇರುವ ಮೀನು, ಬೇಗ ಕೆಡುತ್ತದೆ ಅಂತ 1698ರ ಇಂಗ್ಲೆಂಡಿನ ಕಾನೂನು ಭಾನುವಾರವೂ ಇದನ್ನು ಮಾರಲು ಬಿಟ್ಟಿತು, ಚರ್ಚಿನ ಪ್ರಾರ್ಥನೆಯ ಹೊತ್ತು ಒಂದು ಬಿಟ್ಟು. ಈಗಿನ ಸಭೆಗಳಿಗೆ ಅಂಥ ಅವಸರ ಏನೂ ಇಲ್ಲ.

ಅಂದಹಾಗೆ, ಫ್ರೆಂಚಿನಲ್ಲಿ 'ಮಾಕ್ರೋ' ಅಂದರೆ ಈ ಮೀನೂ ಹೌದು, ತಲೆಹಿಡುಕನೂ ಹೌದು. ಇಷ್ಟು ಜನ ಮೇಜಿನ ಸುತ್ತ ಕುಳಿತಿರುವಾಗ ಆ ಹೆಸರನ್ನು ಮೀನೊಂದೇ ಹೊತ್ತು ಈಜಬೇಕಾ?